ಕುದುರೆಮಡುವಿಗೆ ನೀರು ಬಿಡುವವರಿಗೆ

ಮಾನ್ಯ ಜಲಾಶಯ ಮುಖ್ಯಾಧಿಕಾರಿಗಳೇ,

ಎರಡು ವರ್ಷ ಎಂಟು ತಿಂಗಳ ಹಿಂದೆ ತಾವು ಕ್ಯಾಲೋ ನದಿಯ ಅಣೆಕಟ್ಟಿನ ಸೈರನ್ ನಿಲ್ಲಿಸಿದಿರಿ. ಅದು ನಿಂತದ್ದರಿಂದ ಕಳೆದ ಜನವರಿಯಲ್ಲಿ ನನ್ನ ಗೆಳೆಯ ಲಿಂಡ್ಸೆ ಪ್ಯಾಸ್ಕೋ ಎಡಗಾಲು ಕಳೆದುಕೊಂಡ. ಬರುವ ಡಿಸೆಂಬರ್ ಒಂದರಂದು, ನಮ್ಮ ಬೇಸಿಗೆಯ ಮೊದಲ ದಿನ, ಬಾಸ್ ಮೀನು ಹಿಡಿಯುವ ಋತು ತೆರೆಯುತ್ತದೆ. ಈ ಬೇಸಿಗೆ ಮುಗಿಯುವುದರೊಳಗೆ ಅದೇ ನದಿಯ ಕುದುರೆಮಡುವಿನಲ್ಲಿ ಯಾರಾದರೂ ಸಾಯುತ್ತಾರೆ. ಇವುಗಳಲ್ಲಿ ಮೊದಲನೆಯದನ್ನು ತಮ್ಮ ಕಚೇರಿ ‘ಆಧುನೀಕರಣ’ ಎಂದು ಕರೆಯಿತು. ಎರಡನೆಯದನ್ನು ‘ಮಧ್ಯಮ ತೀವ್ರತೆಯ ಘಟನೆ’ ಎಂದಿತು. ಬರಲಿರುವ ಆ ಸಾವಿಗೆ ಏನೆಂದು ಹೆಸರಿಡುತ್ತೀರೋ ನನಗೆ ತಿಳಿಯದು. ಅದು ನಡೆಯುವ ಮೊದಲೇ ಕೇಳಿಬಿಡೋಣವೆಂದು ಈ ಪತ್ರ.

ಶಾಪ ಹಾಕುತ್ತಿದ್ದೇನೆಂದು ತಿಳಿಯಬೇಡಿ. ಮೂವತ್ತನಾಲ್ಕು ವರ್ಷ ಈ ಜಿಲ್ಲೆಯಲ್ಲಿ ಮನೆಮನೆಗೆ ಹೋಗುವ ನರ್ಸ್ ಆಗಿದ್ದವಳು ನಾನು. ಯಾವ ಹುಣ್ಣು ಮಾಯುತ್ತದೆ, ಯಾವುದು ಕೊಳೆಯುತ್ತದೆ ಎಂದು ಬಾಗಿಲಲ್ಲಿ ನಿಂತೇ ವಾಸನೆ ಹಿಡಿದು ಹೇಳುವುದು ನನ್ನ ಕಸುಬಾಗಿತ್ತು. ಆ ವಾಸನೆ ಈಗ ನದಿಯ ಕಡೆಯಿಂದ ಬರುತ್ತಿದೆ.

ತಾವು ಮೆಲ್ಬರ್ನ್ ನಗರದ ಹದಿನಾಲ್ಕನೇ ಮಹಡಿಯಲ್ಲಿ ಕುಳಿತು ನಮ್ಮ ನದಿಯನ್ನು ಪರದೆಯ ಮೇಲಿನ ಒಂದು ನೀಲಿಗೆರೆಯಾಗಿ ನೋಡುವವರು. ಆದ್ದರಿಂದ ಎರಡು ಮಾತು ತಿಳಿಸಬೇಕಾಗಿದೆ. ಅಣೆಕಟ್ಟಿನ ಕೆಳಗೆ ನಾಲ್ಕು ಕಿಲೋಮೀಟರ್ ದೂರದವರೆಗೆ ನೀರು ತಣ್ಣಗೆ, ಅಲ್ಲಿ ಟ್ರೌಟ್ ಮೀನಿನ ವಾಸ. ಆಮೇಲೆ ಕಣಿವೆ ಅಗಲವಾಗಿ, ಬಿಸಿಲು ತಾಗಿ, ನೀರು ಬೆಚ್ಚಗಾಗುವಲ್ಲಿ ಬಾಸ್. ಎರಡೂ ಒಂದನ್ನೊಂದು ಸಹಿಸಿಕೊಂಡು ಇರುವ ಜಾಗ ಒಂದೇ, ಅದು ಕುದುರೆಮಡು. ಬೇಸಿಗೆಯಲ್ಲಿ ಬೆಳಗಿನ ಜಾವ ಅಲ್ಲಿನ ಹರಿವಿನಲ್ಲಿ ಟ್ರೌಟ್ ಸಿಗುತ್ತದೆ. ನೀರಿನ ಶಾಖ ಇಪ್ಪತ್ತು ಡಿಗ್ರಿ ದಾಟಿದರೆ ನಾವು ಅದನ್ನು ಮುಟ್ಟುವುದಿಲ್ಲ, ಸೆಕೆಗೆ ಏದುಸಿರು ಬಿಡುವ ಮೀನನ್ನು ಎಳೆದಾಡುವುದು ಮರ್ಯಾದೆಯಲ್ಲ. ಮಧ್ಯಾಹ್ನ ಕಳೆದು ನೀಲಗಿರಿ ಮರಗಳ ನೆರಳು ನೀರಿಗೆ ಬಿದ್ದ ಮೇಲೆ, ಜೀರುಂಡೆಗಳು ಕೂಗಿ ಕೂಗಿ ತಲೆತಿರುಗಿ ನೀರಿಗೆ ಉದುರುವ ಹೊತ್ತಿನಲ್ಲಿ, ಬಾಸ್ ಮೇಲೆ ಬರುತ್ತದೆ. ಜೀರುಂಡೆಯಂಥದೇ ಒಂದು ಗಾಳವನ್ನು ಮರದ ಬೇರಿನ ಪಕ್ಕ ಮೆಲ್ಲಗೆ ಇಳಿಸಿದರೆ ‘ಗುಳಕ್’ ಎಂದು ಒಂದು ಸದ್ದು. ಆ ಒಂದು ಸದ್ದಿಗಾಗಿ ನಮ್ಮ ಗಿಪ್ಸ್‌ಲ್ಯಾಂಡ್ ಸೀಮೆಯ ಅರ್ಧ ಜನ ತಮ್ಮ ಸಂಸಾರಗಳನ್ನು ಕಡೆಗಣಿಸಿದ್ದಾರೆ.

ಅದೇ ಮಧ್ಯಾಹ್ನದ ಹೊತ್ತಿಗೆ ನಗರದ ಪ್ರತಿ ಕಿಟಕಿಯಲ್ಲೂ ಎಸಿ ತಿರುಗುತ್ತದೆ. ವಿದ್ಯುತ್ ಬೇಕೆಂದು ತಾವು ಅಣೆಕಟ್ಟಿನ ತಳದ ತೂಬು ತೆರೆಯುತ್ತೀರಿ. ಮೀನು ಹಿಡಿಯಲು ಮನುಷ್ಯರು ನದಿಗೆ ಇಳಿಯುವ ಹೊತ್ತೂ, ತಾವು ನೀರು ಬಿಡುವ ಹೊತ್ತೂ ಒಂದೇ. ಇದನ್ನು ಅರವತ್ತು ವರ್ಷದ ಹಿಂದೆ ಅಣೆಕಟ್ಟು ಕಟ್ಟಿದವರು ಅರಿತಿದ್ದರು. ಅವರಿಗೆ ತಮ್ಮಷ್ಟು ಓದು ಇರಲಿಲ್ಲವೆಂದು ಕಾಣುತ್ತದೆ. ಆದ್ದರಿಂದ ಒಂದು ಸೈರನ್ ಇಟ್ಟರು. ತೂಬು ತೆರೆಯುವ ಇಪ್ಪತ್ತು ನಿಮಿಷ ಮುಂಚೆ ಅದು ಮೂರು ಸಲ ಉದ್ದಕ್ಕೆ ಕೂಗುತ್ತಿತ್ತು. ಡನ್‌ಮೋರ್ ಕ್ರಾಸಿಂಗಿನ ನಾಯಿಗಳೆಲ್ಲ ಅದರ ಜೊತೆ ಊಳಿಡುತ್ತಿದ್ದವು. ನಾವು ದಾರ ಸುತ್ತಿಕೊಂಡು ದಡ ಹತ್ತಿ, ಥರ್ಮಾಸಿನ ಚಹಾ ಕುಡಿಯುತ್ತ, ನದಿಗೆ ದಾರಿ ಬಿಟ್ಟು ಕೂರುತ್ತಿದ್ದೆವು. ಅರವತ್ತು ವರ್ಷದಲ್ಲಿ ಒಂದು ಟೋಪಿ ಕೂಡ ಕೊಚ್ಚಿ ಹೋಗಲಿಲ್ಲ ಎಂದರೆ ಸುಳ್ಳಾದೀತು, ಟೋಪಿಗಳು ಹೋದವು. ತಲೆಗಳು ಹೋಗಲಿಲ್ಲ.

ಆಮೇಲೆ ದಿಣ್ಣೆಯ ಮೇಲೆ ಹದಿನೆಂಟು ಬಾಡಿಗೆ ಬಂಗಲೆಗಳು ಎದ್ದವು. ಪ್ರತಿಯೊಂದರ ಹಿಂದೆ ಬಿಸಿನೀರಿನ ತೊಟ್ಟಿ, ತೊಟ್ಟಿಯೊಳಗೆ ಅತಿಥಿಗಳು. ಸೈರನ್ ಅವರ ಕಿವಿಗೆ ಬಿತ್ತು. ಒಬ್ಬ ಮಹನೀಯರು ಯುದ್ಧ ಶುರುವಾಯಿತೆಂದು ಬೆಚ್ಚಿಬಿದ್ದು ವೈನ್ ಚೆಲ್ಲಿಕೊಂಡರಂತೆ. ಹನ್ನೊಂದು ದೂರು ಹೋದವು. ತಮ್ಮ ಕಚೇರಿ ಎಂಥ ಚುರುಕು ನೋಡಿ, ಹನ್ನೊಂದೇ ವಾರದಲ್ಲಿ ಊರಿನ ಸಭಾಂಗಣದಲ್ಲಿ ಸಭೆ ಕರೆಯಿತು. ಬಂದ ಯುವ ಅಧಿಕಾರಿಣಿ ಸಭ್ಯಳು, ಪಾಪ. ನಾವು ಸುಟ್ಟ ಸ್ಕೋನ್ ಬನ್ನು ಎರಡು ತಿಂದಳು. ಸೈರನ್ ಹಳೆಯ ಕಾಲದ್ದು, ಇನ್ನು ಮೇಲೆ ಎಚ್ಚರಿಕೆ ಎಲ್ಲರ ಫೋನಿಗೆ ನೇರವಾಗಿ ಬರುತ್ತದೆ ಎಂದಳು.

ಹಿಂದಿನ ಸಾಲಿನಿಂದ ಲಿಂಡ್ಸೆ ಎದ್ದು ನಿಂತ. “ತಾಯೀ, ಕುದುರೆಮಡುವಿನ ಕಮರಿಯೊಳಗೆ ಸಿಗ್ನಲ್ ಇಲ್ಲ.”

“ಸರ್, ನಮ್ಮ ನಕ್ಷೆಯ ಪ್ರಕಾರ ಶೇಕಡಾ ತೊಂಬತ್ತೆರಡು ಭಾಗಕ್ಕೆ ಸಿಗ್ನಲ್ ಇದೆ.”

“ಉಳಿದ ಎಂಟರಲ್ಲೇ ಮೀನಿರೋದು. ಅವಕ್ಕೆ ಗೊತ್ತು ನೋಡು, ಎಲ್ಲಿ ಫೋನ್ ಬರಲ್ಲ ಅಂತ.”

ಎಲ್ಲರೂ ನಕ್ಕೆವು. ಅವಳೂ ನಕ್ಕಳು. ನಕ್ಕು, ಬರೆದುಕೊಂಡಳು. ಏನು ಬರೆದುಕೊಂಡಳೋ, ಮುಂದಿನ ತಿಂಗಳು ಸೈರನ್ ನಿಂತಿತು.

ಲಿಂಡ್ಸೆ ಯಾರೆಂದು ತಮಗೆ ಗೊತ್ತಿರಬೇಕು, ತಮ್ಮ ಕಡತದಲ್ಲಿ ಅವನ ಸಹಿ ಇದೆ. ಅವನು ಊರಿನ ಎಲೆಕ್ಟ್ರಿಷಿಯನ್. ಇಪ್ಪತ್ತೆರಡು ವರ್ಷ ಗುತ್ತಿಗೆಯ ಮೇಲೆ ಆ ಸೈರನ್ನನ್ನು ನೋಡಿಕೊಂಡವನು. ಅದರ ತಂತಿ ಕಳಚಿ ಬರಲು ತಮ್ಮವರು ಕರೆಸಿದ್ದೂ ಅವನನ್ನೇ. ಆ ಸಂಜೆ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕುಳಿತ. ಬಿಯರ್ ಕೊಟ್ಟರೆ ಕುಡಿಯಲಿಲ್ಲ. “ನಾನೇ ಅದರ ಕತ್ತು ಹಿಸುಕಿ ಬಂದೆ ಕಣೇ ನರ್ಸಮ್ಮ,” ಎಂದ. “ನಾನ್ ಮಾಡ್ದಿದ್ರೆ ಇನ್ಯಾರೋ ಮಾಡೋರು. ಆದ್ರೂ ನಾನೇ ಮಾಡ್ದೆ.”

ಇನ್ನು ಜನವರಿ ಇಪ್ಪತ್ತಮೂರರ ಸಂಗತಿ. ಅದರ ವರದಿ ತಮ್ಮಲ್ಲಿದೆ, ಒಂದೂವರೆ ಪುಟ. ಅದರಲ್ಲಿ ಇಲ್ಲದ್ದನ್ನು ಹೇಳುತ್ತೇನೆ.

ಅಂದು ಶುಕ್ರವಾರ, ಊರಿನಲ್ಲಿ ನಲವತ್ತೊಂದು ಡಿಗ್ರಿ. ಮೂರು ಗಂಟೆಗೆ ನಾನೂ ಲಿಂಡ್ಸೆಯೂ ಕುದುರೆಮಡುವಿಗೆ ಇಳಿದೆವು. ಇಬ್ಬರಿಗೂ ಚಡ್ಡಿ, ಹಳೆಯ ಕ್ಯಾನ್ವಾಸ್ ಬೂಟು. ನಡುವಿನ ಉರುಟುಕಲ್ಲಿನ ನಡುಗಡ್ಡೆಯ ಮೇಲೆ ಆಗಲೇ ಇಬ್ಬರು ಇದ್ದರು: ಥುವಾನ್ ಎಂಬವರು, ಅವರ ಹೆಂಡತಿ ಲಿಯೆನ್. ಇಬ್ಬರಿಗೂ ಅರವತ್ತರ ಹತ್ತಿರ. ಮೆಲ್ಬರ್ನಿನ ಹೊರವಲಯದಲ್ಲಿ ಮೂವತ್ತು ವರ್ಷದಿಂದ ಬೇಕರಿ ಇಟ್ಟವರು. ಒಲೆಯ ಮುಂದಿನ ಸೆಕೆ ತಪ್ಪಿಸಿಕೊಂಡು ನದಿಗೆ ಮೊದಲ ಸಲ ಬಂದಿದ್ದರು. ಆಕೆ ಮಡಚುವ ಕುರ್ಚಿಯ ಮೇಲೆ ಕುಳಿತು ಪಾದಗಳನ್ನು ನೀರಿಗೆ ಬಿಟ್ಟುಕೊಂಡಿದ್ದಳು. ಆತ ತನ್ನ ಜನ್ಮದ ಮೊದಲ ಬಾಸ್ ಹಿಡಿದು ಎರಡೂ ಕೈಯಲ್ಲಿ ಎತ್ತಿ ನಮಗೆ ತೋರಿಸಿದ.

“ಒಳ್ಳೇ ಮೀನು ಮಾರಾಯಾ!” ಎಂದು ಲಿಂಡ್ಸೆ ಕೂಗಿದ. ನನ್ನ ಕಡೆ ತಿರುಗಿ ಮೆಲ್ಲಗೆ, “ನಾನು ಅಲ್ಲೇ ನಿಲ್ಲೋಣ ಅಂತಿದ್ದೆ. ನೀನು ಲಿಪ್‌ಸ್ಟಿಕ್ ಹಚ್ಕೊಂಡು ತಡ ಮಾಡ್ದೆ,” ಎಂದ.

“ಲಿಪ್‌ಸ್ಟಿಕ್ ಅಲ್ವೋ, ಬಿಸಿಲಿಗೆ ಹಚ್ಚೋ ಮುಲಾಮು.”

“ಬಾಸ್‌ಗೆ ಅದೆಲ್ಲ ಗೊತ್ತಾಗಲ್ಲ. ಹೆದರ್ಕೊಳ್ತವೆ.”

ನನಗೊಂದು ಅಭ್ಯಾಸವಿದೆ. ದಾರಕ್ಕೆ ಕಟ್ಟಿದ ಥರ್ಮಾಮೀಟರ್ ನೀರಿಗೆ ಬಿಟ್ಟು ಅರ್ಧ ಗಂಟೆಗೊಮ್ಮೆ ನೋಡಿ ಚೀಟಿಯಲ್ಲಿ ಬರೆಯುವುದು. ರೋಗಿಯ ಜ್ವರ ನೋಡಿ ನೋಡಿ ಬಂದದ್ದು. ಮೂರೂವರೆಗೆ ಇಪ್ಪತ್ತಮೂರು ಡಿಗ್ರಿ. ನಾಲ್ಕಕ್ಕೂ ಇಪ್ಪತ್ತಮೂರು. ಆ ಅರ್ಧ ಗಂಟೆಯಲ್ಲಿ ಲಿಂಡ್ಸೆ ಎರಡು ಬಾಸ್ ಹಿಡಿದು ಬಿಟ್ಟ, ನಾನು ಒಂದು. ನೆರಳಿನ ಕೆಳಗೆಲ್ಲ ಗುಳಕ್ ಗುಳಕ್ ಎನ್ನುತ್ತಿತ್ತು. ನಾಲ್ಕು ದಾಟಿ ಸ್ವಲ್ಪ ಹೊತ್ತಾಗಿರಬೇಕು, ಆ ಸದ್ದು ಒಮ್ಮೆಗೇ ನಿಂತಿತು. ಯಾರೋ ಕೋಣೆಯೊಳಗೆ ಬಂದಾಗ ಮಾತು ನಿಲ್ಲುವುದಿಲ್ಲವೇ, ಹಾಗೆ. ಜೀರುಂಡೆಗಳು ಮಾತ್ರ ಕೂಗುತ್ತಲೇ ಇದ್ದವು.

ಲಿಂಡ್ಸೆ ನಿಂತಲ್ಲೇ ತಲೆ ಬಗ್ಗಿಸಿ ನೀರು ನೋಡಿದ. “ನರ್ಸಮ್ಮ, ನನ್ನ ಕಾಲು ತಣ್ಣಗಾಯ್ತು.”

ನಾನು ಥರ್ಮಾಮೀಟರ್ ಎಳೆದು ನೋಡಿದೆ. ಹದಿನೇಳು.

ಮುಖ್ಯಾಧಿಕಾರಿಗಳೇ, ನಾನು ದಡದಿಂದ ಆರು ಹೆಜ್ಜೆ ದೂರದಲ್ಲಿದ್ದೆ. ಅವನು ಎಂಟು ಹೆಜ್ಜೆ. ಇಬ್ಬರೂ ತಿರುಗಿ ಹತ್ತಿದ್ದರೆ ಈ ಪತ್ರವೂ ಇಲ್ಲ, ತಮಗೆ ತೊಂದರೆಯೂ ಇಲ್ಲ. ನಾನು ಹತ್ತಿದೆ. ತಿರುಗಿ ನೋಡಿದರೆ ಅವನು ದಡಕ್ಕೆ ಬೆನ್ನು ಹಾಕಿ ನಡುಗಡ್ಡೆಯ ಕಡೆ ಹೋಗುತ್ತಿದ್ದ. “ಲಿಂಡ್ಸೆ, ಬಾರೋ ಈಚೆ!” ಎಂದು ಅರಚಿದೆ. ಅವನು ಕೈ ಬೀಸುತ್ತ ಅವರಿಗೆ ಕೂಗುತ್ತಿದ್ದ: “ಏಳಿ, ಏಳಿ! ಕುರ್ಚಿ ಬಿಡಿ! ನೀರು ಬರ್ತಿದೆ!” ಅವರಿಗೆ ಏನೂ ಕಾಣುತ್ತಿರಲಿಲ್ಲ. ನೀರು ಇನ್ನೂ ಕಣಕಾಲಿಗಿತ್ತು, ಮೇಲೆ ಬಿಸಿಲು, ಕೈಯಲ್ಲಿ ಮೀನು. ಹುಚ್ಚು ಮುದುಕನೊಬ್ಬ ಬರುತ್ತಿದ್ದಾನೆಂದು ಥುವಾನ್ ನಗುತ್ತಲೇ ನಿಂತಿದ್ದ. ಆಮೇಲೆ ಅವನೇ ನನಗೆ ಹೇಳಿದ್ದು, ಹೆಂಡತಿಯ ಕುರ್ಚಿ ತಾನಾಗಿಯೇ ಜರುಗಿದ್ದು ನೋಡಿ ಅರ್ಥವಾಯಿತಂತೆ.

ಲಿಂಡ್ಸೆ ಲಿಯೆನ್‌ಳ ರಟ್ಟೆ ಹಿಡಿದುಕೊಂಡ. ಆಕೆಗೆ ಈಜು ಬಾರದು. ನಡುಗಡ್ಡೆಯಿಂದ ದಡಕ್ಕೆ ಇಪ್ಪತ್ತು ಹೆಜ್ಜೆ. ಹೊರಟಾಗ ಮೊಣಕಾಲಿಗೆ ಇದ್ದ ನೀರು ತಲುಪುವಾಗ ಸೊಂಟಕ್ಕಿತ್ತು. ಅವನು ಅವಳನ್ನು ದಡದ ಮರದ ಬೇರಿಗೆ ಒತ್ತಿ ಹಿಡಿದ, ನಾನು ಮೇಲಿಂದ ಎಳೆದೆ, ಥುವಾನ್ ಹಿಂದಿನಿಂದ ನೂಕಿದ. ಆಕೆ ಬಂದಳು, ಥುವಾನ್ ಕೂಡ ಬಂದ. ಲಿಂಡ್ಸೆಗೆ ನಾನು ಕೈ ಚಾಚಿದೆ. ಅವನ ಬೆರಳು ನನ್ನ ಬೆರಳಿಗೆ ತಾಗಿತ್ತು. ಆಗ ಒಂದು ದಿಮ್ಮಿ ಬಂತು. ಸದ್ದಿಲ್ಲದೆ ಬಂತು. ಅವನನ್ನು ಬಂಡೆಗೆ ಒರಗಿಸಿ, ಎಡಗಾಲನ್ನು ಮೊಣಕಾಲಿನ ಕೆಳಗೆ ಇಕ್ಕಳದಂತೆ ಹಿಡಿದು ಅಲ್ಲೇ ನಿಂತುಬಿಟ್ಟಿತು.

ಅವನು ಕಿರುಚಲಿಲ್ಲ. “ಹ್ಞಾ,” ಎಂದ, ಅಷ್ಟೆ. ನೀರು ಅವನ ಎದೆಗೆ ಬಂತು. ಭುಜಕ್ಕೆ ಬಂತು. ಥುವಾನ್ ಬಂಡೆಯ ಮೇಲೆ ಬೋರಲಾಗಿ ಮಲಗಿ ಎರಡೂ ಕೈಯಿಂದ ಅವನ ಅಂಗಿಯ ಕಾಲರು ಹಿಡಿದುಕೊಂಡ. ಮೂವತ್ತು ವರ್ಷ ಹಿಟ್ಟು ನಾದಿದ ಕೈಗಳು, ಸಡಿಲಲಿಲ್ಲ. ನಾನು ನೀರಿಗಿಳಿದು ಬೇರೊಂದನ್ನು ತಬ್ಬಿಕೊಂಡು ಇನ್ನೊಂದು ಕೈಯಲ್ಲಿ ಅವನ ಗದ್ದ ಎತ್ತಿ ಹಿಡಿದೆ. ಮೂವರಿಗೂ ಫೋನ್ ಇತ್ತು. ಮೂರರಲ್ಲೂ ಸಿಗ್ನಲ್ ಇರಲಿಲ್ಲ. ಶೇಕಡಾ ಎಂಟರ ಪಾಲಿಗೆ ನಾವು ಬಿದ್ದಿದ್ದೆವು.

ಲಿಯೆನ್ ಎದ್ದು ಓಡಿದಳು. ಚಪ್ಪಲಿ ನದಿಗೆ ಹೋಗಿತ್ತು. ಡಾಂಬರು ರಸ್ತೆಗೆ ಎರಡೂವರೆ ಕಿಲೋಮೀಟರ್, ಬರೀ ಏರು, ಬರೀ ಚೂಪುಗಲ್ಲು. ಆ ದಾರಿಯನ್ನು ಬರಿಗಾಲಲ್ಲಿ ಓಡಿ, ಮರ ಸಾಗಿಸುವ ಲಾರಿಯೊಂದರ ಎದುರು ಎರಡೂ ಕೈ ಚಾಚಿ ನಿಂತಳು. ಆ ಚಾಲಕ ರೇಡಿಯೋದಲ್ಲಿ ಕರೆದದ್ದರಿಂದ ರಕ್ಷಣಾ ತಂಡ ಬಂತು. ತಮ್ಮ ವರದಿಯಲ್ಲಿ ಈಕೆಯ ಕುರಿತು ಒಂದೇ ವಾಕ್ಯವಿದೆ: ‘ಸ್ಥಳದಲ್ಲಿದ್ದ ಮಹಿಳೆಯೊಬ್ಬರು ಸೂಕ್ತ ಮಾಧ್ಯಮದ ಮೂಲಕ ಮಾಹಿತಿ ನೀಡಿದರು.’ ಆ ಸೂಕ್ತ ಮಾಧ್ಯಮದ ಅಂಗಾಲುಗಳಿಂದ ನಾನು ಆ ರಾತ್ರಿ ಹನ್ನೆರಡು ಕಲ್ಲಿನ ಚೂರು ತೆಗೆದೆ.

ತಂಡ ಬರಲು ಐವತ್ತು ನಿಮಿಷ. ನೀರು ಲಿಂಡ್ಸೆಯ ಗದ್ದಕ್ಕೆ ಬಂತು, ಕೆಳತುಟಿಗೆ ಬಂತು. ಅವನು ಮೂಗು ಮೇಲೆತ್ತಿ ಮಾತಾಡುತ್ತಲೇ ಇದ್ದ.

“ನರ್ಸಮ್ಮ, ಗ್ಲೆನಿಸ್‌ಗೆ ಹೇಳು, ಫ್ರಿಜ್ ಹಿಂದಿನ ಪ್ಲಗ್ ಮುಟ್ಬೇಡ ಅಂತ. ನಾನಿನ್ನೂ ಸರಿ ಮಾಡಿಲ್ಲ.” ಗ್ಲೆನಿಸ್ ಅವನ ಹೆಂಡತಿ.

“ಬಾಯಿ ಮುಚ್ಚೋ, ನೀರು ಹೋಗತ್ತೆ.”

“ಊರಿನೋರ ಮನೇಲೆಲ್ಲ ರಿಪೇರಿ ಮಾಡ್ದೆ. ನಮ್ಮನೇದೊಂದು ಬಾಕಿ.” ಹಲ್ಲು ಕಟಕಟ ಎನ್ನುತ್ತಿರುವಾಗಲೇ, “ಆ ತಂತಿ ಬಿಚ್ಚಿದವನು ನಾನೇ ಅಲ್ವಾ? ನದೀಗೆ ನೆನಪಿದೆ ನೋಡು,” ಎಂದ.

ನೀರು ಕೆಳತುಟಿಯಲ್ಲಿ ನಿಂತಿತು. ಏಕೆ ನಿಂತಿತು? ನಾನು ತಮ್ಮ ಕಚೇರಿಗೆ ಎರಡು ಸಲ ಬರೆದು ಕೇಳಿದೆ. ಉತ್ತರ ಬಂತು: ಆ ದಿನ ನಗರದ ವಿದ್ಯುತ್ ಬೇಡಿಕೆ ಅಂದುಕೊಂಡದ್ದಕ್ಕಿಂತ ಸ್ವಲ್ಪ ಕಡಿಮೆ ಇತ್ತಂತೆ, ಸಂಜೆಗೆ ತಂಗಾಳಿ ಬಂತಂತೆ. ಮೆಲ್ಬರ್ನಿನಲ್ಲಿ ಗಾಳಿ ಬೀಸಿತು, ಜನ ಕಿಟಕಿ ತೆರೆದರು, ಆದ್ದರಿಂದ ಲಿಂಡ್ಸೆ ಪ್ಯಾಸ್ಕೋ ಬದುಕಿದ. ತಮ್ಮ ಸುರಕ್ಷತಾ ವ್ಯವಸ್ಥೆ ಇಷ್ಟೇ ಎಂದು ನಾನು ತಿಳಿದುಕೊಳ್ಳಬಹುದೇ?

ದಿಮ್ಮಿಯನ್ನು ಗರಗಸದಿಂದ ಕೊಯ್ದು ಅವನನ್ನು ತೆಗೆದರು. ಆಂಬುಲೆನ್ಸಿನಲ್ಲಿ ನಾನೂ ಹತ್ತಿದೆ. ಗಾಡಿ ಕಮರಿ ದಾಟಿ ದಿಣ್ಣೆಯ ತಲೆಗೆ ಬಂದಾಗ, ಬಂಗಲೆಗಳ ಸಾಲಿನ ಎದುರು, ನನ್ನ ಒದ್ದೆ ಜೇಬಿನಲ್ಲಿ, ನೀರು ಹೊಗದ ಚೀಲದೊಳಗಿನ ಫೋನ್ ‘ಟಿಣ್’ ಎಂದಿತು. ಅವನ ಜೇಬಿನಲ್ಲೂ ‘ಟಿಣ್’. ಸಂದೇಶ ತಮ್ಮದು. ಕಳಿಸಿದ ಹೊತ್ತು ಮೂರು ಐವತ್ತೆರಡು, ತಲುಪಿದ್ದು ಆರು ಐವತ್ತು. ‘ನೀರು ಬಿಡಲಾಗುತ್ತಿದೆ. ದಯವಿಟ್ಟು ನದೀಪಾತ್ರದಿಂದ ದೂರವಿರಿ. ನದಿಯಂಚಿನ ನಿಮ್ಮ ದಿನ ಆನಂದಮಯವಾಗಿರಲಿ.’ ಲಿಂಡ್ಸೆ ಕಣ್ಣು ಬಿಟ್ಟು, “ಯಾರದು?” ಎಂದು ಕೇಳಿದ. ಹೇಳಿದೆ. ಅವನು ನಕ್ಕ ನಗೆಗೆ ಆಂಬುಲೆನ್ಸಿನ ಹುಡುಗಿ ಹೆದರಿ ಅವನ ನಾಡಿ ನೋಡಿದಳು.

ಮಾರನೆಯ ದಿನ ಮೊಣಕಾಲಿನ ಕೆಳಗೆ ಕತ್ತರಿಸಿದರು.

ಆಮೇಲಿನದು ತಮ್ಮ ಪತ್ರವ್ಯವಹಾರದ ಕಥೆ. ಫೆಬ್ರವರಿಯಲ್ಲಿ ಊರಿನ ಇನ್ನೂರ ಹದಿನಾಲ್ಕು ಜನ ಸಹಿ ಹಾಕಿ ಸೈರನ್ ಮತ್ತೆ ಹಚ್ಚಿ ಎಂದು ಕೇಳಿದೆವು. ಏಪ್ರಿಲ್ ಕೊನೆಗೆ ಉತ್ತರ ಬಂತು. ಅದನ್ನು ಇಲ್ಲಿ ಯಥಾವತ್ತಾಗಿ ಕೊಡುತ್ತೇನೆ, ಏಕೆಂದರೆ ಇಂಥ ಗದ್ಯ ನನ್ನಿಂದ ಸಾಧ್ಯವಿಲ್ಲ: ‘ಸದರಿ ಘಟನೆಯು ಮೂರನೇ ವರ್ಗಕ್ಕೆ ಸೇರಿದ್ದು, ಎಚ್ಚರಿಕೆ ವ್ಯವಸ್ಥೆಯ ಮರುಪರಿಶೀಲನೆಗೆ ಅಗತ್ಯವಾದ ಮಿತಿಯನ್ನು ತಲುಪಿರುವುದಿಲ್ಲ. ಗಾಯಾಳುವು ಸಂಪೂರ್ಣ ಗುಣಮುಖರಾಗಲೆಂದು ಹಾರೈಸುತ್ತೇವೆ.’ ಸಂಪೂರ್ಣವಾಗಿ ಎಂದರೆ ಹೇಗೆ? ಕಾಲು ಮತ್ತೆ ಚಿಗುರಲೆಂದೋ?

ನಾನು ಫೋನ್ ಮಾಡಿದೆ. ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬರು ಸಿಕ್ಕರು. ಅವರ ಸ್ವರದಲ್ಲಿ ಕೆಡುಕು ಇರಲಿಲ್ಲ, ಅದನ್ನೂ ಹೇಳಬೇಕು.

“ಮರುಪರಿಶೀಲನೆ ಆಗ್ಬೇಕಾದ್ರೆ ಯಾವ ವರ್ಗ ಬೇಕಪ್ಪಾ?”

“ಒಂದನೇ ವರ್ಗ, ಮೇಡಂ.”

“ಒಂದನೇ ವರ್ಗ ಅಂದ್ರೇನು?”

ಕಾಗದ ತಿರುವಿದ ಸದ್ದು. “ಅಂದ್ರೆ... ಪ್ರಾಣಹಾನಿ, ಮೇಡಂ.”

“ಹಾಗಾದ್ರೆ ಯಾರಾದ್ರೂ ಸಾಯ್ಬೇಕು ಅಂತೀರಾ?”

“ಅಯ್ಯೋ, ನಾನು ಹಾಗೆ ಹೇಳ್ಲಿಲ್ಲ. ಮಾನದಂಡ ಹಾಗಿದೆ ಅಂದೆ ಅಷ್ಟೆ.”

“ಒಬ್ಬರು ಸಾಕಾ?”

ಆತ ಎದ್ದು ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ತಗ್ಗಿದ ದನಿಯಲ್ಲಿ, “ನಮ್ಮ ಮಾವ ಕೂಡ ಮೀನು ಹಿಡೀತಾರೆ ಮೇಡಂ. ಆ ಕಡೆ ಹೋಗ್ಬೇಡಿ ಅಂತ ಅವರಿಗೆ ಹೇಳಿದೀನಿ,” ಎಂದರು. ಮುಖ್ಯಾಧಿಕಾರಿಗಳೇ, ತಮ್ಮದೇ ಕಚೇರಿಯ ಒಬ್ಬ ಗುಮಾಸ್ತರು ಸ್ವಂತ ಮಾವನನ್ನು ನಮ್ಮ ನದಿಯಿಂದ ದೂರ ಇಟ್ಟಿದ್ದಾರೆ. ಅವರನ್ನು ಹುಡುಕಿ ಶಿಕ್ಷಿಸಬೇಡಿ. ತಮ್ಮ ಇಡೀ ಇಲಾಖೆಯಲ್ಲಿ ಕೆಲಸ ಮಾಡುತ್ತಿರುವ ಸೈರನ್ ಅದೊಂದೇ.

ಏಪ್ರಿಲ್‌ನ ಆ ಕಾಗದವನ್ನು ನಾನು ಲಿಂಡ್ಸೆಯ ಅಡಿಗೆಮನೆಯಲ್ಲಿ ಗಟ್ಟಿಯಾಗಿ ಓದಿದೆ. “ತಪ್ಪು ನಂದೇ ಕಣೇ,” ಎಂದ ಅವನು. “ಅರ್ಧಂಬರ್ಧ ಕೆಲಸ ಮಾಡ್ಬಿಟ್ಟೆ. ಪೂರ್ತಿ ಮುಳುಗಿದ್ರೆ ಒಂದನೇ ವರ್ಗದಲ್ಲಿ ಪಾಸಾಗ್ತಿದ್ದೆ.” ಗ್ಲೆನಿಸ್ ಚಹಾದ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿ ಎದ್ದು ಹೋದಳು. ಹಿತ್ತಲಿನಲ್ಲಿ ಒಣಗಿದ್ದ ಬಟ್ಟೆಗಳನ್ನೇ ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದಳು. ಅವನು ಕಿಟಕಿಯಿಂದ ನೋಡಿ, “ಇನ್ಮೇಲೆ ಈ ಜೋಕ್ ಬೇಡ,” ಎಂದ. ಬೇಸಿಗೆಯಿಂದ ಈಚೆಗೆ ಅವಳು ಅವನನ್ನು ಒಂದು ಸಲವೂ ಬೈದಿಲ್ಲ. ನಲವತ್ತಾರು ವರ್ಷದ ದಾಂಪತ್ಯದಲ್ಲಿ ಅದಕ್ಕಿಂತ ಭಯಂಕರವಾದದ್ದು ಇನ್ನೇನಿದೆ ಎಂದು ಅವನೇ ನನ್ನನ್ನು ಕೇಳಿದ್ದಾನೆ.

ಥುವಾನ್ ಮತ್ತು ಲಿಯೆನ್ ತಿಂಗಳಿಗೊಮ್ಮೆ ಬ್ರೆಡ್ಡಿನ ಚೀಲ ಹೊತ್ತು ಬರುತ್ತಾರೆ. ಆತನಿಗೆ ನದಿಗೆ ಹೋಗುವ ಆಸೆ ಹೋಗಿಲ್ಲ. “ಇವರಿಗೆ ಬಾತ್‌ಟಬ್ಬಿಗೂ ಇಳಿಯೋಕೆ ನಾನು ಬಿಡಲ್ಲ,” ಎನ್ನುತ್ತಾಳೆ ಆಕೆ. ನಗುತ್ತಲೇ ಹೇಳುತ್ತಾಳೆ. ಆದರೆ ನಮ್ಮ ಮನೆಯ ನಲ್ಲಿ ಬಿಟ್ಟ ಸದ್ದಿಗೆ ಆಕೆಯ ಭುಜ ಮೇಲೇಳುವುದನ್ನು ನಾನು ನೋಡಿದ್ದೇನೆ.

ಇಷ್ಟು ಕಳೆದದ್ದು. ಈಗ ಬರಲಿರುವುದು. ಜೂನ್ ತಿಂಗಳ ತಮ್ಮ ಪ್ರಕಟಣೆಯೊಂದು ಹೆಮ್ಮೆಯಿಂದ ತಿಳಿಸಿದೆ: ಹೊಸ ಯಂತ್ರ ಬಂದಿದೆ, ತೂಬು ಪೂರ್ತಿ ತೆರೆಯಲು ಹಿಂದೆ ನಲವತ್ತು ನಿಮಿಷ ಬೇಕಾಗುತ್ತಿತ್ತು, ಇನ್ನು ಹನ್ನೆರಡೇ ಸಾಕು. ಜನವರಿಯಲ್ಲಿ ನೀರು ನಮಗೆ ಮೊದಲು ಪಾದ ತಣ್ಣಗಾಗಿಸಿ, ಮೀನಿನ ಸದ್ದು ನಿಲ್ಲಿಸಿ, ಸ್ವಲ್ಪ ಹೊತ್ತು ಕೊಟ್ಟಿತ್ತು. ಈ ಸಲ ಅದೂ ಇಲ್ಲ. ಚಳಿಗಾಲದ ಮಳೆಗೆ ಜಲಾಶಯ ತುಂಬಿದೆ. ಈ ಬೇಸಿಗೆ ಹೋದ ವರ್ಷಕ್ಕಿಂತ ಬಿಸಿಯೆಂದು ಹವಾಮಾನದವರು ಹೇಳುತ್ತಿದ್ದಾರೆ. ಸೆಪ್ಟೆಂಬರಿನಲ್ಲಿ ತಮ್ಮವರು ಯಂತ್ರ ಪರೀಕ್ಷೆ ಮಾಡಿದ ದಿನ ನಾನು ದಡದ ಮೇಲೆ ಗಡಿಯಾರ ಹಿಡಿದು ಕುಳಿತಿದ್ದೆ. ನಡುಗಡ್ಡೆಯ ತುದಿ ಒದ್ದೆಯಾದಾಗಿನಿಂದ ಅದು ಕಣ್ಮರೆಯಾಗುವವರೆಗೆ ನಾಲ್ಕು ನಿಮಿಷ. ನನಗೆ ಅರವತ್ತೇಳು ವರ್ಷ. ಅಲ್ಲಿಂದ ದಡಕ್ಕೆ ಬರಲು, ಕಲ್ಲು ಜಾರದಿದ್ದರೆ, ನನಗೆ ಮೂರು ನಿಮಿಷ ಬೇಕು. ಕಲ್ಲು ಜಾರುತ್ತದೆ.

ಡಿಸೆಂಬರಿನ ಮೊದಲ ಶನಿವಾರ ಅಲ್ಲಿ ಅರವತ್ತು ಜನ ನೆರೆಯುತ್ತಾರೆ. ಪ್ರತಿವರ್ಷದ ರೂಢಿ ಅದು. ದೂರದಿಂದ ಬಂದವರು ನಡುಗಡ್ಡೆಗೆ ಹೋಗುತ್ತಾರೆ, ಅಲ್ಲಿ ಕುರ್ಚಿ ಹಾಕಲು ಚೆನ್ನ. ನಾವು ಊರಿನವರು ಹೋಗಬೇಡಿ ಎನ್ನುತ್ತೇವೆ. ಒಳ್ಳೆಯ ಜಾಗವನ್ನು ನಾವು ನಮಗೇ ಇಟ್ಟುಕೊಳ್ಳುತ್ತಿದ್ದೇವೆಂದು ಅವರು ನಗುತ್ತಾರೆ. ತೂಬು ತೆರೆದೊಡನೆ ಕಾರಿನ ಹಾರ್ನ್ ಒತ್ತಲು ಅಣೆಕಟ್ಟಿನ ರಸ್ತೆಯಲ್ಲಿ ಕೂರುವ ಪಾಳಿಯನ್ನು ನಾನು ಹೋದ ವಾರ ಹಾಕಿದೆ. ಹದಿಮೂರು ಜನ ಬಂದರು. ಮೇಲಿನ ತಿರುವಿನಲ್ಲಿ ಒತ್ತಿದ ಹಾರ್ನ್ ಕಮರಿಯ ತಳಕ್ಕೆ ಕೇಳುವುದಿಲ್ಲವೆಂದು ಭಾನುವಾರ ಪರೀಕ್ಷಿಸಿ ತಿಳಿದೆವು. ಅಲ್ಲಿಯವರೆಗೆ ತಲುಪುತ್ತಿದ್ದ ಸದ್ದು ಒಂದೇ ಇತ್ತು.

ಮೊನ್ನೆ ಮಂಗಳವಾರ ಲಿಂಡ್ಸೆ ಕುದುರೆಮಡು ನೋಡಬೇಕೆಂದ. ಹೊಸ ಕಾಲು ಹಾಕಿಕೊಂಡ ಮೇಲೆ ಮೊದಲ ಸಲ. ನಾನು ಜೊತೆಗೆ ಹೋದೆ. ಇಳಿಯಲು ಒಂದು ಗಂಟೆ ಹಿಡಿಯಿತು, ಎರಡು ಸಲ ಬಿದ್ದ, ಎತ್ತಲು ಬಿಡಲಿಲ್ಲ. ಕೆಳಗೆ ತಮ್ಮ ಇಲಾಖೆಯ ಕೆಲಸಗಾರನೊಬ್ಬ ಸಿಮೆಂಟು ಕಲಸುತ್ತಿದ್ದ. ನದಿಯಂಚಿನ ಸೌಂದರ್ಯೀಕರಣ ಯೋಜನೆಯಂತೆ. ಕೆಂಪು ಮರದ ಹೊಸ ಬೆಂಚೊಂದನ್ನು ನೀರಿನ ಕಡೆ ಮುಖಮಾಡಿ ನಿಲ್ಲಿಸಿದ್ದ. ಅಂದದ ಬೆಂಚು. ಲಿಂಡ್ಸೆ ಹೋಗಿ ಕುಳಿತ. ಒರಗುವ ಹಲಗೆಯ ನಡುವೆ ನಾಲ್ಕು ತಿರುಪು ಹಾಕಿ ಕೂರಿಸಿದ ಹಿತ್ತಾಳೆಯ ಫಲಕವಿತ್ತು, ಅಂಗೈ ಅಗಲ, ನಮ್ಮ ಕಡೆ ತೀರಿಕೊಂಡವರ ಹೆಸರು ಕೆತ್ತಿಸುವಂಥದು. ಅದರ ಮೇಲೆ ಏನೂ ಇರಲಿಲ್ಲ.

“ಇದ್ರ ಮೇಲೆ ಏನ್ ಬರೀತೀರಪ್ಪಾ?” ಎಂದು ಕೇಳಿದ.

“ಗೊತ್ತಿಲ್ಲ ಸರ್,” ಎಂದ ಕೆಲಸಗಾರ, ಕರಣೆಯಿಂದ ಸಿಮೆಂಟು ಸವರುತ್ತ. “ಇಂಥ ಜಾಗಕ್ಕೆಲ್ಲ ಖಾಲಿ ಫಲಕ ಹಾಕ್ಬಿಟ್ಟು ಬಾ ಅಂದಿದಾರೆ. ಹೆಸರು ಆಮೇಲೆ ಬರತ್ತಂತೆ.”

ಲಿಂಡ್ಸೆಯನ್ನು ನಲವತ್ತು ವರ್ಷದಿಂದ ಬಲ್ಲೆ. ಅವನು ಇಂಥ ಮಾತನ್ನು ನಗೆಯಾಡದೆ ಬಿಟ್ಟದ್ದಿಲ್ಲ. ಆ ಹಿತ್ತಾಳೆಯ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿದ. ಅವನ ಬೆರಳಿನ ಗುರುತು ಬಿತ್ತು. ಅದನ್ನು ಅಂಗಿಯ ತೋಳಿನಿಂದ ಒರೆಸಿದ. “ನಡಿ, ಹತ್ತೋಣ,” ಎಂದ.

ನನ್ನ ಬೇಡಿಕೆ ಚಿಕ್ಕದು. ನವೆಂಬರ್ ಮೂವತ್ತರ ಸಂಜೆ ಐದಕ್ಕೆ ಅಣೆಕಟ್ಟಿನ ಸೈರನ್ ಮೂರು ಸಲ ಕೂಗಬೇಕು, ಆಮೇಲೆ ಪ್ರತಿ ಸಲ ತೂಬು ತೆರೆಯುವ ಮುನ್ನ ಕೂಗಬೇಕು. ತಂತಿಗಳು ಎಲ್ಲಿವೆ, ಯಾವ ಬಣ್ಣದ್ದು ಯಾವುದಕ್ಕೆ ಎಂದು ಬಲ್ಲವನು ಇಲ್ಲೇ ಇದ್ದಾನೆ. ಏಣಿ ಹತ್ತಲಾರ, ಕೆಳಗೆ ನಿಂತು ಹೇಳಿಕೊಡುತ್ತಾನೆ, ಕೂಲಿ ಬೇಡವಂತೆ. ಇದು ಆಗದಿದ್ದರೆ ಡಿಸೆಂಬರಿನ ಮೊದಲ ಶನಿವಾರ ತಾವೇ ಬನ್ನಿ. ಅರವತ್ತು ಜನ ನದಿಗೆ ಇಳಿಯುವಾಗ ಆ ಬೆಂಚಿನ ಮೇಲೆ ಕುಳಿತು ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ ನೋಡಿ. ಫಲಕದಲ್ಲಿ ಜಾಗ ಒಂದೇ ಹೆಸರಿಗಿದೆ. ಯಾರದ್ದೆಂದು ತಾವೇ ಆರಿಸಬೇಕಾಗುತ್ತದೆ.

ಇಂತಿ,
ಇನ್ನೂ ಉಸಿರಾಡುತ್ತಿರುವ ಕಾರಣದಿಂದ ತಮ್ಮ ಮರುಪರಿಶೀಲನೆಗೆ ಅನರ್ಹಳಾಗಿರುವ,
ವರ್ನಾ ಟ್ರೆವಿನ್
ನಿವೃತ್ತ ನರ್ಸ್, ಡನ್‌ಮೋರ್ ಕ್ರಾಸಿಂಗ್
ನವೆಂಬರ್ ಒಂಬತ್ತು